ಗೇಣುದ್ದದ ಕಾರುಬಾರು

ಕಾರಿನ ವಿಷಯದಲ್ಲಿ ದೊಡ್ಡವರು ಏನಾದರೊಂದು ಮಾತು ಹೇಳಿಹೋಗಬೇಕಿತ್ತು. ಅವರ ಕಾಲದಲ್ಲಿ ಕಾರೇ ಇರಲಿಲ್ಲವಾದ್ದರಿಂದ ಹೇಳದೆ ಹೋದರು. ಹಾಗಾಗಿ ಯಾರ ಆಸರೆಯೂ ಇಲ್ಲದೆ ನೇರವಾಗಿ ಶುರುಮಾಡಬೇಕಾಗಿದೆ. ಇದು ಅಪ್ಪಟ ನಿಜವಾದ ಕಥೆ. ಇದರಲ್ಲಿ ಸುಳ್ಳು ಹೇಳಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರು ಸುಳ್ಳು ಹೇಳಿದ್ದಂತೂ ನಿಜ.

ಬೀದಿಯೆಲ್ಲ ‘ಕನ್ನಡಕದವರು’ ಎಂದೇ ಕರೆಯುವ ನಮ್ಮ ಕಥಾನಾಯಕರಿಗೆ ಬಸ್ ನಿಲ್ದಾಣದ ಹಿಂದೆ ಒಂದು ಕನ್ನಡಕದ ಅಂಗಡಿ. ಗಾಜು ಸಾಣೆ ಹಿಡಿದು, ಫ್ರೇಮಿಗೆ ಕೂರಿಸಿ, ಸಾಸಿವೆಕಾಳಿಗಿಂತ ಚಿಕ್ಕ ತಿರುಪು ಬಿಗಿದು ಊರಿನ ಕಣ್ಣು ತೆರೆಸುವ ಕಸುಬು. ಸ್ವಂತ ಕನ್ನಡಕ ಮಾತ್ರ ಸದಾ ಹಣೆಯ ಮೇಲೆ, ಅದರ ಹುಡುಕಾಟ ಸದಾ ಮೇಜಿನ ಕೆಳಗೆ.

ಊರಿನ ಯಾವ ಸಾಹುಕಾರನ ಹತ್ತಿರವೂ ಇಲ್ಲದಷ್ಟು ಕಾರುಗಳು ಅವರ ಹತ್ತಿರ ಇದ್ದವು. ಎಲ್ಲವೂ ಊಟದ ಕೋಣೆಯ ಗಾಜಿನ ಬೀರುವಿನಲ್ಲಿ. ಅಲ್ಲಿರಬೇಕಾಗಿದ್ದ ಪಿಂಗಾಣಿ ತಟ್ಟೆಗಳು ಮಂಚದ ಕೆಳಗೆ ವನವಾಸದಲ್ಲಿದ್ದವು. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ಪ್ಲಾಸ್ಟಿಕ್ ತುಂಡುಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹೊಡೆದು, ನಿಜವಾದ ಕಾರಿನ ಇಪ್ಪತ್ತನಾಲ್ಕನೇ ಒಂದು ಪಾಲಿನ ಗೇಣುದ್ದದ ಕಾರು ಮಾಡುವುದು ಅವರ ಹುಚ್ಚು. ಅಂಟಿನ ನಂಟು ಹೆಚ್ಚಾಗಿ, ಎರಡು ಬೆರಳು ಒಂದೇ ಆಗಿ ಊಟಕ್ಕೆ ಕೂತ ದಿನಗಳೂ ಉಂಟು. ನಿಜವಾದ ಕಾರು ಓಡಿಸಲು ಬರುತ್ತಿರಲಿಲ್ಲ. ಅಂಗಡಿಗೆ ನಡೆದೇ ಹೋಗುತ್ತಿದ್ದರು.

ಈ ಹವ್ಯಾಸದವರ ಲೋಕದ ನ್ಯಾಯವೇ ಬೇರೆ. ‘ಅಯ್ಯೋ, ಎಷ್ಟು ಮುದ್ದಾಗಿದೆ ಆಟಿಕೆ!’ ಎಂದರೆ ಅದು ಬೈಗುಳ. ‘ಯಾರ್ದ್ರೀ ಈ ಗಾಡಿ?’ ಎಂದರೆ ಪದಕ. ಕನ್ನಡಕದವರಿಗೆ ಇಷ್ಟು ವರ್ಷಗಳಲ್ಲಿ ಬೈಗುಳ ಧಾರಾಳವಾಗಿ ಸಿಕ್ಕಿತ್ತು, ಪದಕ ಒಂದೂ ಬಂದಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಬೈಗುಳ ಮಾವನವರದು. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಎಂಜಿನ್ನಿನ ಸದ್ದು ಕೇಳಿದರೆ ಅದರ ಜಾತಕವನ್ನೇ ಹೇಳುವಂಥವರು. ಮೀಸೆ ಬಂದ ಗಂಡಸು ಆಟಿಕೆ ಕಾರು ಇಟ್ಟುಕೊಂಡು ಕೂರುವುದನ್ನು ಮದುವೆಯಾದ ಹೊಸದರಲ್ಲೇ ನೋಡಿ ಅವರು ಅಳಿಯನ ಜೊತೆ ನೇರವಾಗಿ ಮಾತಾಡುವುದನ್ನೇ ಬಿಟ್ಟಿದ್ದರು. ಜಗಳವೇನೂ ಇಲ್ಲ. ಎಲ್ಲ ಮಾತೂ ಮಗಳ ಮೂಲಕ. ಒಂದೇ ಮೇಜಿನಲ್ಲಿ ಎದುರುಬದುರು ಕೂತಿದ್ದಾಗಲೂ, “ಪುಟ್ಟಿ, ನಿನ್ನ ಗಂಡ ಉಪ್ಪು ಈ ಕಡೆ ತಳ್ತಾರೇನೋ ಕೇಳು,” ಎನ್ನುವರು. ಕನ್ನಡಕದವರು ಉಪ್ಪು ತಳ್ಳುವರು. “ಪುಟ್ಟಿ, ಸಾಕು ಅಂತ ಹೇಳು.”

ಮಾವನವರ ಹತ್ತಿರ ಒಂದು ಕಾಲದಲ್ಲಿ ಆಕಾಶನೀಲಿ ಬಣ್ಣದ ಪುಟ್ಟ ಹಳೇ ಕಾರೊಂದಿತ್ತು. ಮಗಳನ್ನು ನರ್ಸಿಂಗ್ ಓದಿಸಲು ಅದನ್ನು ಮಾರಿದ್ದರು. ಅಂದಿನಿಂದ ರಸ್ತೆಯಲ್ಲಿ ನೀಲಿ ಕಾರು ಹೋದರೆ ಸಾಕು, ಅವರ ಕತ್ತು ತಾನಾಗಿ ತಿರುಗುತ್ತಿತ್ತು. ಆ ಕಾರನ್ನೇ ಮಾಡಿ ಕೈಯಲ್ಲಿಟ್ಟರೆ ಒಂದು ಮಾತು, ಒಂದೇ ಒಂದು ನೇರ ಮಾತು, ಹೊರಟೀತು ಎಂಬ ಆಸೆ ಕನ್ನಡಕದವರಿಗೆ.

ಆ ಮಾದರಿ ಯಾವ ಪೆಟ್ಟಿಗೆಯಲ್ಲೂ ಸಿಗಲಿಲ್ಲ. ಹತ್ತಿರದ ಇನ್ನೊಂದನ್ನು ತಂದು ಕೊಯ್ದು, ತೇಪೆ ಹಾಕಿ, ಮೆತ್ತಿ, ಉಜ್ಜಿ ತಿದ್ದಬೇಕಾಯಿತು. ಆಧಾರಕ್ಕೆ ಇದ್ದದ್ದು ಒಂದೇ ಹಳೇ ಫೋಟೋ. ಅದರಲ್ಲಿ ಹೆಂಡತಿ ಪುಟ್ಟ ಹುಡುಗಿಯಾಗಿ ಬಾನೆಟ್ ಮೇಲೆ ಕೂತಿದ್ದರು.

“ಎಡಗಡೆ ದೀಪ ಹೇಗಿತ್ತು ಕಣೇ? ನಿನ್ನ ಫ್ರಾಕು ಅಡ್ಡ ಬಂದಿದೆ.”

“ಬಲಗಡೆ ಇದ್ದ ಹಾಗೇ ಇತ್ತು ಕಣ್ರೀ. ಕಾರಿಗೆ ಮೆಳ್ಳೆಗಣ್ಣು ಇರುತ್ತಾ?”

ಅಂತೂ ಕಾರು ಮುಗಿಯಿತು. ನಂಬರ್ ಪ್ಲೇಟು ಸಮೇತ. ಅಂದು ಬೆಳಿಗ್ಗೆ ಹೆಂಡತಿ ಊಟದ ಡಬ್ಬಿ ಕಟ್ಟಿಟ್ಟು ಆಸ್ಪತ್ರೆಯ ಪಾಳಿಗೆ ಹೋದಮೇಲೆ ಕನ್ನಡಕದವರು ಕಾರನ್ನು ಬಾಲ್ಕನಿಯ ಕಟ್ಟೆಯ ಮೇಲೆ ನಿಲ್ಲಿಸಿದರು. ಫೋನನ್ನು ಕಟ್ಟೆಗೆ ಒತ್ತಿ, ಚಕ್ರದ ಮಟ್ಟಕ್ಕೆ ತಂದರು. ಹಾಗೆ ಹಿಡಿದರೆ ಹಿಂದಿನ ಬೀದಿ, ಮರ, ಎದುರುಮನೆಯ ಗೇಟು ಎಲ್ಲವೂ ಕಾರಿಗೆ ಅಳತೆಯಾಗಿ ಹೊಂದಿಕೊಂಡು ಗೇಣಿನ ಕಾರು ಗಜದ ಕಾರಾಗುತ್ತದೆ. ಕ್ಲಿಕ್. ಕನ್ನಡಕ ಹಣೆಯ ಮೇಲಿತ್ತು, ಆದರೂ ಫೋಟೋ ಅದ್ಭುತವಾಗಿದೆ ಎಂದು ಅವರಿಗೆ ಮಸುಕುಮಸುಕಾಗಿ ಕಂಡಿತು.

ಆಗಲೇ ಬಂದದ್ದು ಭಾಮೈದ. ಬಸ್ ನಿಲ್ದಾಣದ ಧ್ವನಿವರ್ಧಕದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗಿ ಹೇಳುವ ಕೆಲಸ ಅವನದು. ಯಾರ ದನಿಯನ್ನಾದರೂ ಸರಿ, ಒಮ್ಮೆ ಕೇಳಿದರೆ ಸಾಕು, ತಿರುಗಿಸಿ ಆಡಿಬಿಡುತ್ತಿದ್ದ. ಅದಕ್ಕೇ ಮನೆಮಂದಿಗೆಲ್ಲ ಅವನು ಗಿಳಿ. ಗಿಳಿ ಫೋಟೋ ನೋಡಿದ. ಕೈಯಲ್ಲಿದ್ದ ಬ್ರೆಡ್ಡು ಕೈಯಲ್ಲೇ ನಿಂತಿತು.

“ಭಾವಾ! ಅಪ್ಪನ ಗಾಡಿ! ಎಲ್ಲಿ ಸಿಕ್ತು?”

ಕನ್ನಡಕದವರ ಎದೆ ಬಾಗಿಲಿನಷ್ಟು ಅಗಲವಾಯಿತು. ಮೊದಲ ಪದಕ! ಬಾಲ್ಕನಿಯತ್ತ ಕೈ ತೋರಿಸಿದರು. ಗಿಳಿ ಬಗ್ಗಿ ನೋಡಿ, ಕಟ್ಟೆಯ ಮೇಲಿದ್ದುದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕ. ಭಾವ ಕೈಗಂಟಿದ ಅಂಟು ತೊಳೆಯಲು ಬಚ್ಚಲಿಗೆ ಹೋದರು. ಕಿಡಿಗೇಡಿಗೆ ಅಷ್ಟು ಹೊತ್ತು ಸಾಕು. ಫೋಟೋ ಅಪ್ಪನಿಗೆ ಹಾರಿತು. ಹಿಂದೆಯೇ, ಭಾವನ ಫೋನಿನಿಂದ, ಭಾವನದೇ ಕೆಮ್ಮು, ಭಾವನದೇ ತಡವರಿಕೆಯಲ್ಲಿ ಒಂದು ಕರೆ:

“ಹಲೋ... ಮಾವಾ... ನಾನು... ಅಂದ್ರೆ ನಾನೇ... ಗಾಡಿ ಸಿಕ್ಬಿಡ್ತು ಮಾವಾ... ನಿಮ್ದೇ... ಕನ್ನಡಕ ಎಲ್ಲಿಟ್ಟೆ... ಹಾಂ, ಮನೇಲೇ ಇದೆ.”

ಒಂದು ಗಂಟೆ ಬಿಟ್ಟು ಅಪ್ಪನಿಗೆ ನಿಜ ಹೇಳಿ ನಗಿಸಿದರಾಯಿತು ಎಂಬುದು ಗಿಳಿಯ ಲೆಕ್ಕ. ಆ ಒಂದು ಗಂಟೆಯೂ ಅಪ್ಪನ ಫೋನು ಬಿಡುವಾಗಲಿಲ್ಲ. ಅವರು ಹಳೇ ಡಿಪೋದ ಗೆಳೆಯರಿಗೆಲ್ಲ ಸುದ್ದಿ ಹಂಚುತ್ತಿದ್ದರು. ಆಮೇಲೆ ಫೋನು ಚೀಲಕ್ಕೆ ಸೇರಿತು, ಚೀಲ ಬಸ್ಸಿಗೆ ಸೇರಿತು.

ಇತ್ತ ಕನ್ನಡಕದವರು ಅಂಗಡಿಗೆ ಹೊರಡುವ ಹೊತ್ತಿಗೆ ಬಾಗಿಲಲ್ಲಿ ಕಟ್ಟಡದ ಸಂಘದ ಕಾರ್ಯದರ್ಶಿ. ಒಂದು ಕೈಯಲ್ಲಿ ಅಳತೆಪಟ್ಟಿ, ಇನ್ನೊಂದರಲ್ಲಿ ಸೀಮೆಸುಣ್ಣ, ಮುಖದ ಮೇಲೆ ಆಡಳಿತ. ಮಾವನವರು ಬಂದಾಗಲೆಲ್ಲ ಚದುರಂಗಕ್ಕೆ ಕೂರುತ್ತಿದ್ದುದು ಇವರ ಜೊತೆಗೇ.

“ಏನ್ ಸ್ವಾಮಿ, ಇಷ್ಟು ದೊಡ್ಡ ವಿಷ್ಯ ಮುಚ್ಚಿಟ್ಟಿದ್ದೀರಿ! ನಿಮ್ಮ ಮಾವನೋರು ಫೋನ್ ಮಾಡಿದ್ರು, ಫೋಟೋನೂ ಕಳ್ಸಿದ್ರು. ಗಾಡಿಗೆ ನೆರಳಿರೋ ಜಾಗ ಬೇಕಂತೆ.”

“ಸಾರ್, ಅದು... ಆ ಗಾಡಿ...”

“ಏನ್ ಬಣ್ಣ ಸ್ವಾಮಿ! ಏನ್ ಹೊಳಪು! ಯಾವ ಗ್ಯಾರೇಜಲ್ಲಿ ಹೊಡೆಸಿದ್ರಿ?”

ಇಲ್ಲಿ ಕನ್ನಡಕದವರು ನಿಜ ಹೇಳಬೇಕಿತ್ತು. ಬಾಯಿಯನ್ನೂ ತೆರೆದರು. ಆದರೆ ಬೆಳಿಗ್ಗೆಯಿಂದ ಇದು ಎರಡನೇ ಪದಕ. ಹೊರಬಿದ್ದ ಮಾತು ಬೇರೆಯೇ: “ನಾನೇ ಹೊಡೆದದ್ದು. ಮನೇಲೇ.”

“ಮನೇಲೇ!” ಕಾರ್ಯದರ್ಶಿ ಎರಡು ಹೆಜ್ಜೆ ಹಿಂದೆ ಸರಿದು ಗೌರವದಿಂದ ನೋಡಿದರು. ಕೆಳಗಿಳಿದು, ಯಾರದೋ ಸ್ಕೂಟರು ಎಳೆದುಹಾಕಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದನೆಯ ಚೌಕ ಬರೆದರು.

ಆ ಹೊತ್ತಿಗೆ ಫೋನು ಬಡಿದುಕೊಂಡಿತು. ಬಸ್ಸಿನ ಗಡಗಡದ ನಡುವೆ ಮಾವನವರ ದನಿ.

“ಅಳಿಯಂದ್ರೇ! ಕೇಳಿಸ್ತಿದ್ಯಾ ಅಳಿಯಂದ್ರೇ? ನಾನು ಬರ್ತಾ ಇದ್ದೀನಿ!”

ಅಳಿಯಂದ್ರೇ! ಮಗಳ ಮೂಲಕವಲ್ಲ, ನೇರವಾಗಿ! ಕನ್ನಡಕದವರು ಗೋಡೆ ಹಿಡಿದುಕೊಂಡರು. “ಮಾವಾ, ಒಂದು ಮಾತು... ಗಾಡಿ ಸ್ವಲ್ಪ ಚಿಕ್ಕದು.”

“ಚಿಕ್ಕದೇ ಅಲ್ವೇನ್ರೀ! ಅದೇ ಅದರ ಚೆಂದ!”

“ಎಂಜಿನ್ನು... ಓಡಲ್ಲ ಮಾವ.”

“ಓಡಲ್ಲ ಅಂದ್ರೆ? ನಾನ್ಯಾಕಿದ್ದೀನಿ?”

ಕರೆ ಕಡಿಯಿತು. ಆಗ ಗಿಳಿಗೆ ಫೋನು ಮಾಡಿ ಎಲ್ಲವನ್ನೂ ತಿಳಿದುಕೊಂಡ ಕನ್ನಡಕದವರು ಭಾಮೈದನನ್ನು ಬೈದರು. ಬೈಗುಳ ಬಾಯಲ್ಲಿ ಸರಿಯಾಗಿ ಕೂರಲಿಲ್ಲ, ಅಭ್ಯಾಸ ಇರಲಿಲ್ಲ. ಮಾವನವರು ಮನೆಗೆ ಬಂದು, ಊಟದ ಮೇಜಿನ ಮೇಲೆ ತಂದಿಟ್ಟಿದ್ದ ಆ ಗೇಣುದ್ದದ್ದನ್ನು ನೋಡಿದರೆ? ಎದೆಯೇ ಒಡೆಯುತ್ತದೆ! ಏನು ಮಾಡುತ್ತಿದ್ದೇನೆಂದು ಯೋಚಿಸದೆ ಅವರು ಎರಡಂತಸ್ತಿನ ಊಟದ ಡಬ್ಬಿ ಬಿಚ್ಚಿ, ಕೆಳಗಿನ ಡಬ್ಬಿಯ ಅನ್ನವನ್ನು ಪಾತ್ರೆಗೆ ಸುರಿದು, ಒರೆಸಿ, ಕಾರನ್ನು ಅದರೊಳಗೆ ಓರೆಯಾಗಿ ಇಳಿಸಿ, ಮೇಲೆ ಬದನೆಕಾಯಿಯ ಡಬ್ಬಿ ಕೂರಿಸಿ, ಬಿಗಿದು, ಬಗಲಿಗೆ ಹಾಕಿಕೊಂಡು ಅಂಗಡಿಗೆ ಓಡಿದರು.

ಅಂದು ಅಂಗಡಿಯಲ್ಲಿ ನಡೆದದ್ದು ಕಣ್ಣಿನ ಇತಿಹಾಸದಲ್ಲೇ ಕರಾಳ. ಓದುವ ಗಾಜು ಲಾರಿ ಡ್ರೈವರಿಗೆ, ದೂರದ ಗಾಜು ದರ್ಜಿಗೆ. ದರ್ಜಿ ಎದುರು ಬೀದಿಯ ಬೋರ್ಡುಗಳನ್ನೆಲ್ಲ ಜೋರಾಗಿ ಓದಿ, “ಅದೆಲ್ಲ ಸರಿ ಸಾರ್, ಸೂಜಿ ಕಣ್ಣೇ ಕಾಣ್ತಿಲ್ವಲ್ಲ,” ಎಂದು ಗೊಣಗಿದ.

ಅಷ್ಟರಲ್ಲಿ ಬಾಗಿಲಲ್ಲಿ ಮಾವನವರು. ಇಸ್ತ್ರಿ ಮಾಡಿದ ಅಂಗಿ, ಹೆಗಲಲ್ಲಿ ಸ್ಪ್ಯಾನರುಗಳ ಚೀಲ, ಕೈಯಲ್ಲಿ ಬೆಳ್ಳಿಯಂತೆ ಹೊಳೆಯುವ ಒಂದು ಚಕ್ರದ ಮುಚ್ಚಳ. ಕಾರು ಮಾರಿದ ದಿನ ಕೊಳ್ಳುವವನ ಕಣ್ಣುತಪ್ಪಿಸಿ ಬಿಚ್ಚಿಟ್ಟುಕೊಂಡದ್ದಂತೆ.

“ಒಂದು ಗಾಲಿ ಬರಿಗಾಲಲ್ಲಿತ್ತಲ್ಲ ಇಷ್ಟು ವರ್ಷ,” ಎಂದರು. ಕಣ್ಣು ಒದ್ದೆಯಾಗಿತ್ತು. “ನಡೀರಿ ಅಳಿಯಂದ್ರೇ. ನಿಮ್ಮನ್ನ ನಾನು ತಪ್ಪು ತಿಳ್ಕೊಂಡಿದ್ದೆ.”

ಆ ಕಣ್ಣು ನೋಡಿದ ಮೇಲೆ ಕನ್ನಡಕದವರಿಗೆ ಬಾಯಿ ಬಿಡಲು ಧೈರ್ಯ ಬರಲಿಲ್ಲ. ಡಬ್ಬಿ ಬಗಲಲ್ಲಿ ಅವುಚಿಕೊಂಡು ಹಿಂದೆ ನಡೆದರು.

ಕಟ್ಟಡದ ಅಂಗಳದಲ್ಲಿ ಸೀಮೆಸುಣ್ಣದ ಚೌಕ ಇತ್ತು. ಚೌಕದಲ್ಲಿ ಗಾಳಿ ಇತ್ತು.

“ಗಾಡಿ ಎಲ್ಲಿ?” ಎಂದರು ಮಾವನವರು.

ಕಾರ್ಯದರ್ಶಿ ಚೌಕವನ್ನು ನೋಡಿದರು. ತಾವೇ ಕಾವಲಿದ್ದ ಅಂಗಳ, ತಾವೇ ಬರೆದ ಗೆರೆ. ಗಾಡಿ ಬಂದದ್ದನ್ನೇ ನೋಡಲಿಲ್ಲ ಎಂದರೆ ಆಡಳಿತಕ್ಕೇನು ಮರ್ಯಾದೆ? “ಈಗ ತಾನೇ ಇತ್ತಲ್ಲ!” ಎಂದರು ಗಂಭೀರವಾಗಿ. “ನಾನೇ ಕಣ್ಣಾರೆ ನೋಡಿದ್ದೀನಿ. ಬಾನೆಟ್ ಮುಟ್ಟಿನೂ ನೋಡಿದೆ.”

ಕೆಳಮನೆಯ ಟೀಚರಮ್ಮ ಕಿಟಕಿಯಿಂದ ತಲೆ ಹಾಕಿದರು. “ಅದಕ್ಕೇ ಆಗ ಡುರ್ರ್ ಅಂತ ಶಬ್ದ ಬಂತು! ನಾನು ಮಿಕ್ಸಿ ಅಂದ್ಕೊಂಡೆ.”

“ಡುರ್ರ್ ಅಂತೋ, ಡರ್ರ್ ಅಂತೋ?” ಮಾವನವರು ಕೇಳಿದರು.

“ಡರ್ರ್ ಅಂತ್ಲೇ ಅನ್ಸುತ್ತೆ.”

“ಅದೇ! ನನ್ನ ಗಾಡೀನೇ! ಓಡಲ್ಲ ಅಂದ್ರಲ್ಲ ಅಳಿಯಂದ್ರೇ, ಕಳ್ಳನ ಕೈಗೆ ಓಡ್ಬಿಟ್ಟಿದೆ!”

ಹೀಗೆ, ಇಲ್ಲದ ಕಾರನ್ನು ಒಬ್ಬರು ನೋಡಿ, ಒಬ್ಬರು ಕೇಳಿ, ಎಲ್ಲರೂ ಸೇರಿ ಕಳೆದುಕೊಂಡರು. ಮಾವನವರು ಮಗನಿಗೆ ಫೋನು ಮಾಡಿ ಗರ್ಜಿಸಿದರು: “ನಿಲ್ದಾಣದಲ್ಲಿ ಕೂಗಿ ಹೇಳೋ, ನೀಲಿ ಗಾಡಿ ಕಂಡ್ರೆ ಎಲ್ಲಾ ಡ್ರೈವರ್‌ಗಳೂ ಅಡ್ಡ ಹಾಕ್ಲಿ! ನಾವು ಪೊಲೀಸ್ ಠಾಣೆಗೆ ಹೊರಟ್ವಿ!” ಗಿಳಿ ಮೈಕನ್ನು ಆರಿಸದೆ ಮೇಜಿನ ಮೇಲೇ ಬಿಟ್ಟು ಠಾಣೆಯ ಕಡೆ ಓಡಿದ. ಬಹಳ ಹೊತ್ತು ನಿಲ್ದಾಣದಲ್ಲಿ ‘ಅಯ್ಯಯ್ಯೋ ಅಪ್ಪಾ’ ಎಂಬ ಹೆಸರಿನ ಬಸ್ಸನ್ನು ಪ್ರಯಾಣಿಕರು ಹುಡುಕುತ್ತಿದ್ದರಂತೆ.

ಠಾಣೆಯಲ್ಲಿ ಇನ್ಸ್‌ಪೆಕ್ಟರು ದೂರು ಬರೆಸಿಕೊಳ್ಳಲು ಒಂದು ಬಿಳಿ ಹಾಳೆ ಎಳೆದುಕೊಂಡರು. ಪಕ್ಕದಲ್ಲಿ ಪೇದೆ. ಎದುರಿಗೆ ಮಾವನವರು, ಕಾರ್ಯದರ್ಶಿ, ನಡುವೆ ಡಬ್ಬಿ ತಬ್ಬಿಕೊಂಡ ಕನ್ನಡಕದವರು.

“ಗಾಡೀನ ಕೊನೇ ಸಲ ನೋಡಿದ್ದು ಯಾವಾಗ?”

“ಇವತ್ತು... ಅಂಗಡಿಗೆ ಹೊರಡೋವಾಗ,” ಎಂದರು ಕನ್ನಡಕದವರು.

“ಎಲ್ಲಿ?”

ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. “ಊಟದ ಮೇಜಿನ ಮೇಲೆ.”

ಇನ್ಸ್‌ಪೆಕ್ಟರ ಪೆನ್ನು ನಿಂತಿತು. ಮಾವನವರು ಮುಂದೆ ಬಾಗಿದರು. “ಕೀಲಿ ಸಾರ್, ಕೀಲಿ. ಪಾಪ, ಗಾಬರೀಲಿ ಮಾತು ತಪ್ತಿದೆ. ತುಂಬ ಸಾಧು ಮನುಷ್ಯ ನಮ್ಮ ಅಳಿಯಂದ್ರು.”

ಅಳಿಯಂದ್ರು ಅಂಗಿಯ ಕೊರಳುಪಟ್ಟಿಯೊಳಗೆ ಇನ್ನಷ್ಟು ಇಳಿದರು.

ಇನ್ಸ್‌ಪೆಕ್ಟರು ಮಾವನವರ ಫೋನಿನಲ್ಲಿ ಫೋಟೋ ತೆರೆಸಿ, ಎರಡು ಬೆರಳಿಟ್ಟು ಹಿಗ್ಗಿಸಿದರು. “ಒಳ್ಳೇ ಗಾಡಿ. ಬಾನೆಟ್ ಮೇಲೆ ಕಾಗೆ ಕೂತಿದೆಯಲ್ರೀ. ಮರದ ಕೆಳಗೆ ನಿಲ್ಸಿದ್ರಾ?”

ಪೇದೆ ಬಗ್ಗಿ ನೋಡಿದ. “ಸಾರ್... ಕಾಗೆಗೆ ಆರು ಕಾಲಿದೆ.”

“ಮೂರು ಕಾಗೆ ಇರ್ಬೇಕು ಕಣಯ್ಯ, ಒಂದರ ಹಿಂದೆ ಒಂದು.”

“ಮೂರಕ್ಕೂ ಸೇರಿ ತಲೆ ಒಂದೇ ಇದೆ ಸಾರ್.”

ಕನ್ನಡಕದವರು ಎದ್ದೇಬಿಟ್ಟರು. ಹಣೆಯ ಮೇಲಿನ ಕನ್ನಡಕವನ್ನು ಅಂದು ಮೊದಲ ಬಾರಿ ಕಣ್ಣಿಗಿಳಿಸಿ, ಫೋನನ್ನು ಕಿತ್ತುಕೊಂಡು ನೋಡಿದರು. ನೋಡಿದವರೇ ಹಣೆ ಹಣೆ ಚಚ್ಚಿಕೊಂಡರು.

“ನೊಣ! ಅಯ್ಯೋ ಹಾಳಾದ ನೊಣ! ನೆರಳು ಸರಿಯಾಗಿತ್ತು, ಬೀದಿ ಸರಿಯಾಗಿತ್ತು, ಅಳತೆ ಕೂದಲೆಳೆ ತಪ್ಪಿರ್ಲಿಲ್ಲ ಸಾರ್! ಎಲ್ಲಾ ಕೆಡಿಸ್ತು ಈ ನೊಣ!”

ಬಾನೆಟ್ ಮೇಲೆ ಕಾಗೆಯಷ್ಟಾಗಿ ಕೂತಿದ್ದ ನೊಣದಿಂದ ಇನ್ಸ್‌ಪೆಕ್ಟರು ನಿಧಾನವಾಗಿ ಕಾರಿನ ಅಳತೆಗೆ ಬಂದರು. ಕಾರಿನಿಂದ ಕಾರ್ಯದರ್ಶಿಯ ಕಡೆಗೆ ತಿರುಗಿದರು.

“ನೀವು ಬಾನೆಟ್ ಮುಟ್ಟಿ ನೋಡಿದ್ರಿ?”

“ಮುಟ್ಟಿದ್ದು ಅಂದ್ರೆ... ಮನಸ್ಸಿನಲ್ಲಿ ಸಾರ್,” ಎಂದು ಕಾರ್ಯದರ್ಶಿ ಸೀಮೆಸುಣ್ಣವನ್ನು ಜೇಬಿಗೆ ತುರುಕಿದರು.

ಏದುಸಿರು ಬಿಡುತ್ತ ಗಿಳಿ ಒಳಗೆ ಬಂದದ್ದು ಆಗಲೇ. “ಅಪ್ಪಾ, ಫೋನ್ ಮಾಡಿದ್ದು ಭಾವ ಅಲ್ಲ. ನಾನು. ತಮಾಷೆಗೆ...” ಎನ್ನುವಷ್ಟರಲ್ಲಿ ದನಿ, ಯಾರದನ್ನೂ ಅನುಕರಿಸದೆ, ತನ್ನದೇ ಆಗಿ ಒಡೆಯಿತು.

ಮಾವನವರು ಮಗನನ್ನು ನೋಡಲಿಲ್ಲ, ಅಳಿಯನನ್ನೂ ನೋಡಲಿಲ್ಲ. ಇನ್ಸ್‌ಪೆಕ್ಟರ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ಸಾರ್, ಇವರನ್ನ ಕೇಳಿ... ಗಾಡಿ ಇಲ್ವೇ ಇಲ್ವಾ ಅಂತ.”

ಮತ್ತೆ ಮಧ್ಯಸ್ಥಿಕೆ! ಕನ್ನಡಕದವರಿಗೆ ಇದು ಲಾಠಿ ಏಟಿಗಿಂತ ಜೋರಾಗಿ ಬಿತ್ತು. ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಕೊಂಡಿ ತೆಗೆದರು. ಮೇಲಿನ ಡಬ್ಬಿ ಎತ್ತಿದಾಗ ಎಣ್ಣೆಯಲ್ಲಿ ಬಾಡಿಸಿದ ಬದನೆಕಾಯಿಯ ಘಮ ಠಾಣೆ ತುಂಬಿತು. ಪೇದೆ ಕತ್ತು ಉದ್ದ ಮಾಡಿದ. ಕೆಳಗಿನ ಡಬ್ಬಿಯಿಂದ, ಗೂಡಿನಿಂದ ಮರಿ ತೆಗೆಯುವಂತೆ, ಎರಡು ಬೆರಳಲ್ಲಿ ಕಾರನ್ನೆತ್ತಿ ದೂರಿನ ಬಿಳಿ ಹಾಳೆಯ ಮೇಲೆ ನಿಲ್ಲಿಸಿದರು.

“ಇಷ್ಟೇ ಮಾವ ಇರೋದು,” ಎಂದರು.

ಮಾವನವರು ಕುರ್ಚಿಯಿಂದ ಇಳಿದು, ಮಂಡಿಯೂರಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದರು. ಆಕಾಶನೀಲಿ. ಅದೇ ನಂಬರು. ಚಾಲಕನ ಬದಿಯ ಸೀಟಿನ ಮೇಲೆ ಅದೇ ಹರಿದ ಹೊಲಿಗೆ. ಮಗಳು ನೆನಪಿಸಿಕೊಂಡು ಹೇಳಿದ್ದು. ಅವರ ತೋರುಬೆರಳು ಬಾಗಿಲಿನವರೆಗೆ ಹೋಗಿ, ಹಿಡಿ ಎಳೆಯಲು ಹೊರಟು, ಬೆರಳೇ ಬಾಗಿಲಿಗಿಂತ ದೊಡ್ಡದೆಂದು ಗೊತ್ತಾಗಿ ನಿಂತಿತು. ಇನ್ಸ್‌ಪೆಕ್ಟರು ಎದ್ದು ಫ್ಯಾನು ಆರಿಸಿದರು.

ಮಾವನವರು ಕಾರನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರು. ಕಾರು ಸರಿಯಿತು. ಅದು ನಿಂತಿದ್ದ ಜಾಗದಲ್ಲಿ, ಬಿಳಿ ಹಾಳೆಯ ಮೇಲೆ, ಒಂದು ಎಣ್ಣೆಯ ಕಲೆ!

ಬದನೆಕಾಯಿಯ ಎಣ್ಣೆ ಮೇಲಿನ ಡಬ್ಬಿಯಿಂದ ಇಳಿದು ಕಾರಿನ ತಳ ಸೇರಿತ್ತು. ಕನ್ನಡಕದವರು ತಬ್ಬಿಬ್ಬಾಗಿ ಕರವಸ್ತ್ರ ಹುಡುಕಿದರು. ಮಾವನವರು ಕೈ ಅಡ್ಡ ಹಿಡಿದು ಕಾರನ್ನು ಇನ್ನಷ್ಟು ಮುಂದಕ್ಕೆ ತಳ್ಳಿದರು. ಇನ್ನೊಂದು ಕಲೆ.

“ಎಣ್ಣೆ ಸೋರ್ತಿದೆ,” ಎಂದರು. “ಅಳಿಯಂದ್ರೇ... ಇದು ಎಣ್ಣೆ ಸೋರ್ತಿದೆ! ನನ್ನ ಗಾಡೀನೂ ಹೀಗೇ! ನಿಂತ ಕಡೆಯೆಲ್ಲ! ಡಿಪೋದಲ್ಲಿ ಊರ ಬಸ್ಸುಗಳ ಸೋರಿಕೆ ನಿಲ್ಸಿದೆ, ನನ್ನ ಗಾಡೀದು ಕೊನೇವರೆಗೂ ನಿಲ್ಸೋಕಾಗ್ಲಿಲ್ಲ! ಅಂಗಳಕ್ಕೆ ಮರಳು ಸುರಿದೂ ಸುರಿದೂ ನಿಮ್ಮತ್ತೆ...”

ಗಿಳಿಗೆ ತಡೆಯಲಾಗಲಿಲ್ಲ. ತಾಯಿಯ ದನಿ, ಸೊಂಟದ ಮೇಲೆ ಕೈಯಿಟ್ಟ ಆ ರಾಗ ಸಮೇತ, ಠಾಣೆಯಲ್ಲಿ ಮೊಳಗಿತು: “ಮತ್ತೆ ಕರೀತಾ ನಿಮ್ಮ ಕಾಮಧೇನು? ಒಂದು ತಂಬಿಗೆ ಇಡ್ಲಾ ಕೆಳಗೆ?”

ಮೊದಲು ನಕ್ಕದ್ದು ಪೇದೆ. ಆಮೇಲೆ ಇನ್ಸ್‌ಪೆಕ್ಟರು, ಹುದ್ದೆಗೆ ತಕ್ಕಷ್ಟು. ಕಾರ್ಯದರ್ಶಿ ಅಪ್ಪಣೆ ಸಿಕ್ಕವರಂತೆ ನಕ್ಕರು. ಕನ್ನಡಕದವರು ಅಳುವಿನ ಅಂಚಿನಿಂದ ಜಾರಿ ನಗುವಿಗೆ ಬಿದ್ದರು. ಆದರೆ ಅವರೆಲ್ಲರ ನಗುವನ್ನೂ ಒಟ್ಟು ಮಾಡಿದರೂ, ನೆಲದ ಮೇಲೆ ಕಾಲು ಚಾಚಿ ಕೂತು, ಕಾರನ್ನು ಅಂಗೈಯಲ್ಲಿ ಎತ್ತಿ ಹಿಡಿದು, ಅದರ ಹೊಟ್ಟೆಯಿಂದ ತೊಟ್ಟಿಕ್ಕುವ ಎಣ್ಣೆಯನ್ನು ತೋರುಬೆರಳಲ್ಲಿ ಒರೆಸುತ್ತ ನಕ್ಕ ಮಾವನವರ ನಗುವಿಗೆ ಸಾಟಿಯಾಗಲಿಲ್ಲ. ಆ ನಗು ಠಾಣೆ ದಾಟಿ ಬೀದಿಗೆ ಕೇಳಿಸಿತು. ದೂರು ಕೊಡಲು ಬಂದ ಇಬ್ಬರು ಒಳಗೇನೋ ಚಿತ್ರಹಿಂಸೆ ನಡೆದಿದೆ ಎಂದು ಹೆದರಿ ಬಾಗಿಲಿಂದಲೇ ವಾಪಸು ಹೋದರು. ಉಳಿದವರೆಲ್ಲ ನಕ್ಕು ದಣಿದು, ಕಣ್ಣೊರೆಸಿಕೊಂಡು, ಗಂಭೀರರಾದ ಮೇಲೂ ಮಾವನವರು ಒಮ್ಮೆ ಅಳಿಯನ ಮುಖ ನೋಡುವರು, ಒಮ್ಮೆ ಹಾಳೆಯ ಮೇಲಿನ ಕಲೆ ನೋಡುವರು, “ಸೋರ್ತಿದೆ ಕಣ್ರೀ ಅಳಿಯಂದ್ರೇ, ಈಗಲೂ ಸೋರ್ತಿದೆ!” ಎಂದು ಮತ್ತೆ ಮೊದಲಿನಿಂದ ಶುರುಮಾಡುವರು.